ಕೊನೇ ಡಿವಿಷನ್ನಿನ ಬೇಸ್‌ಬಾಲ್ ಶೂರರು

ಬೇಸ್‌ಬಾಲ್ ಆಡೋ ಮೈಸೂರಿನವರನ್ನ ಕಟ್ಟಿಕೊಂಡರೆ ನಗೋಕೆ ವಾರಕ್ಕೊಂದು ಕಾರಣ ತಾನಾಗೇ ಸಿಗುತ್ತೆ. ನಮ್ಮನೆಯವರ ತಂಡ ಇರೋದು ನೆದರ್ಲೆಂಡ್ಸಿನ ಜೂಟರ್‌ಮೀರ್ ಊರಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಡಿವಿಷನ್. ಅರ್ಧ ಜನ ಡಚ್ಚರು, ಇನ್ನರ್ಧ ಗಲ್ಲಿ ಕ್ರಿಕೆಟ್ ಆಡಿ ಬೆಳೆದ ನಮ್ಮ ಸಾಫ್ಟ್‌ವೇರ್ ಮಂದಿ. ಇವರನ್ನ ತಿದ್ದೋ ಕರ್ಮ ಕೋಚ್‌ದು, ರಿಟೈರಾದ ಟ್ರಾಮ್ ಡ್ರೈವರ್. ಕಾಫಿ ಫ್ಲಾಸ್ಕ್ ಹಿಡಿದು ಬೆಂಚಲ್ಲಿ ಕೂರೋದು ನನ್ನ ಕೆಲಸ.

ಬ್ಯಾಟ್ ಬಿಡದವರು

ಬೇಸ್‌ಬಾಲ್‌ನಲ್ಲಿ ಹೊಡೆದ ಮೇಲೆ ಬ್ಯಾಟ್ ಬಿಸಾಕಿ ಓಡಬೇಕು, ನೆಲದಲ್ಲಿರೋ ಬೇಸ್ ಅನ್ನೋ ಚೌಕ ಮೆತ್ತೆಯನ್ನ ಕಾಲಿಂದಲೋ ಕೈಯಿಂದಲೋ ಮುಟ್ಟಬೇಕು. ನಮ್ಮ ಪಕ್ಕದ ಮನೆಯವರು ಬ್ಯಾಟ್ ಸಮೇತ ಓಡಿ, ಉದ್ದಕ್ಕೆ ಬಿದ್ದು, ಬ್ಯಾಟ್ ಚಾಚಿ ಬೇಸ್ ಮುಟ್ಟಿಸಿ ಹಾಗೇ ಮಲಗಿದರು. ಔಟ್.

"ಬ್ಯಾಟ್ ಮುಟ್ಟಿದೆ, ಥರ್ಡ್ ಅಂಪೈರ್‌ನ ಕೇಳಿ" ಅಂತ ನಮ್ಮನೆಯವರು.

"ಇರೋನೇ ಒಬ್ಬ ಅಂಪೈರ್, ಅವನಿಗೂ ಕ್ಯಾಂಟೀನಿಗೆ ಹೋಗೋ ಆತುರ" ಅಂದರು ಕೋಚ್.

ಕೆಂಪು ಚೆಂಡು

ಸೀಸನ್ ಶುರುವಾಗೋದು ಯುಗಾದಿ ಹೊತ್ತಿಗೆ. ಆಯುಧಪೂಜೆ ತನಕ ಕಾಯೋ ತಾಳ್ಮೆ ಯಾರಿಗಿದೆ, ಬ್ಯಾಟು, ಗ್ಲೌಸು, ಚೆಂಡಿಗೆಲ್ಲ ಆಗಲೇ ಪೂಜೆ ಮಾಡಿಬಿಟ್ಟೆವು. ಆಟದ ಮಧ್ಯೆ ಅಂಪೈರ್ ಚೆಂಡು ನೋಡಿ ಗಾಬರಿಯಾದ. ಯಾರಿಗೋ ರಕ್ತ ಬರ್ತಿದೆ ಅಂತ ಆಟ ನಿಲ್ಲಿಸಿ ಎಲ್ಲರ ಬೆರಳು ನೋಡಿದ. ಕೊನೆಗೆ ನಾನೇ ಹೋಗಿ, ಅದು ಪೂಜೆ ಕುಂಕುಮ ಅಂದೆ.

"ದೇವರ ಸಹಾಯ ತಗೊಂಡು ಆಡೋದು ಸರೀನಾ?" ಅಂತ ಎದುರಾಳಿ ಕ್ಯಾಪ್ಟನ್ ಗೊಣಗಿದ. ನಾನು ಸ್ಕೋರ್‌ಬೋರ್ಡ್ ತೋರಿಸಿದೆ. ನಮ್ಮದು ಸೊನ್ನೆ. ಪಾಪ, ಅವನೇ ಸಾರಿ ಕೇಳಿದ.

ಹೊಡೆಯದೆ ಗೆದ್ದದ್ದು

ಕಳೆದ ವರ್ಷ ಕೊನೇ ಮ್ಯಾಚ್ ಬರೋ ತನಕ ಒಂದೂ ಗೆದ್ದಿರಲಿಲ್ಲ. ಅದೂ ಸೋತರೆ ತಂಡ ಮುಚ್ಚೋದೇ ಅಂತ ಕ್ಲಬ್ಬಿನವರು ಹೇಳಿಬಿಟ್ಟರು. ತಂಡ ಕಟ್ಟಿದ್ದೇ ಕೋಚ್, ಅವರ ಮುಖ ನೋಡಿ ಒಂದು ಕಪ್ ಕಾಫಿ ಹೆಚ್ಚಿಗೇ ಬಗ್ಗಿಸಿಕೊಟ್ಟೆ.

ಕೊನೇ ಸರದಿ, ಸ್ಕೋರ್ ಸಮ, ಮೂರು ಬೇಸಲ್ಲೂ ನಮ್ಮವರು. ಬ್ಯಾಟಿಂಗ್‌ಗೆ ಬಂದಿದ್ದು ನಮ್ಮನೆಯವರು. ಆಫ್ ಸ್ಟಂಪ್ ಆಚೆಯ ಬಾಲನ್ನ ಜನ್ಮದಲ್ಲಿ ಮುಟ್ಟಿದ ಆಸಾಮಿಯಲ್ಲ. ದೂರದಲ್ಲಿ ಬಂದ ಎಸೆತಗಳಿಗೆಲ್ಲ ಬ್ಯಾಟ್ ಎತ್ತಿ, ಮರ್ಯಾದೆಯಿಂದ ದಾರಿ ಬಿಟ್ಟರು. ಅಂಥ ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಪುಕ್ಕಟೆ ಮೊದಲ ಬೇಸಿಗೆ ಹೋಗಬಹುದು. ಇವರು ಹೋದರೆ ಉಳಿದವರೂ ಒಂದೊಂದು ಬೇಸ್ ಮುಂದೆ ಸರೀತಾರೆ, ಮೂರನೇ ಬೇಸಿನವನು ಒಳಗೆ ಬಂದು ಒಂದು ರನ್ ಆಗುತ್ತೆ, ನಾವು ಗೆದ್ದಂಗೆ. ನಾಲ್ಕನೆಯದೂ ಆಯ್ತು, ಇವರೋ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ರೀ, ಹೋಗ್ರೀ" ಅಂತ ಬೆಂಚಿಂದ ಕೂಗಿದೆ.

"ಹೊಡೆದೇ ಇಲ್ಲ ಕಣೇ, ಯಾಕೆ ಹೋಗ್ಲಿ?"

ಕೋಚ್ ಮೊದಲ ಬೇಸ್ ಪಕ್ಕ ನಿಂತು, ಮಗೂನ ಕರೆಯೋ ಹಾಗೆ ಎರಡೂ ಕೈ ಚಾಚಿ ಕರೆದರು. ಇವರು ಒಲ್ಲದ ಮನಸ್ಸಿಂದ ಹೋದರು. ಗೆದ್ದೆವು. ತಂಡ ಉಳೀತು. ಕೋಚ್ ಅತ್ತೇಬಿಟ್ಟರು, ನಾನೂ ಅತ್ತೆ. ಇವರನ್ನ ಹೆಗಲ ಮೇಲೆ ಹೊತ್ತು ಕುಣಿದರು ಎಲ್ಲರೂ.

ಮೇಲೆ ಕೂತ ಮಹಾಶಯರ ಮುಖ ಮಾತ್ರ ಗಂಟು. "ಒಳ್ಳೇ ಬಾಲ್ ಬರ್ಲಿ ಅಂತ ಕಾಯ್ತಿದ್ದೆ ಕಣೇ, ಅಷ್ಟರಲ್ಲಿ ಮ್ಯಾಚ್ ಮುಗಿಸಿಬಿಟ್ರು."