ಬೂಷ್ಟಿಗೂ ಪಂಕ್ತಿಭೇದವೇ?

ಮಕ್ಕಳೇ, ಊಟ ಬಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಐಗಳಿಯಲ್ಲೇ ಇರಲಿಲ್ಲ. ಆ ಹೆಮ್ಮೆಯೇ ನಿಮ್ಮ ಸೋದರತ್ತೆಯ ಓದನ್ನು ತಿಂದಿತು.

ತೊಂಬತ್ತರ ದಶಕದ ಮಾತು. ನನ್ನ ಮಗಳು ಸುನಂದಾ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಮುಷ್ಕರವಾಗಿ ಹಾಸ್ಟೆಲ್ ಮುಚ್ಚಿತೆಂದು ಆರು ಗಾಜಿನ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಬಾಟಲಿಯ ಬಾಯಿಗೆ ಹತ್ತಿ, ಒಳಗೆ ಅವಳ ಪ್ರಯೋಗಕ್ಕೆಂದು ನೂಲಿನಂತೆ ಬೆಳೆದ ಬೂಷ್ಟು. "ಈ ಸಲ ಇದು ಮುಗೀಲಿಲ್ಲಂದ್ರ ಓದು ಸಾಕು, ಮದುವಿ," ಎಂದು ನನ್ನ ಅಣ್ಣ ಗಡುವು ಕೊಟ್ಟಿದ್ದ.

"ಅವ್ವಾ, ಮೂರಕ್ಕ ಊಟ ಐತಿ, ಮೂರಕ್ಕ ಬರೇ ಉಪ್ಪುನೀರು. ಹಸಿದ್ರ ಏನಾಗತೈತಿ ನೋಡಬೇಕು."

"ಏನಾಗತೈತಿ? ಸಾಯ್ತಾವ."

ಅವಳು ನಕ್ಕು ತಿಳಿಸಿ ಹೇಳಿದಳು. ಜೀವದೊಳಗೆ ವಂಶದ ದಾರವಿರುತ್ತದಂತೆ. ಅದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದಂತೆ. ಹಸಿವಾದರೆ ಉಂಡೆಗಳಿಗೆ ಅಂಟಿದ ರಾಸಾಯನಿಕ ಗುರುತುಗಳು ಬದಲಾಗಿ, ಸುತ್ತು ಕೆಲವೆಡೆ ಬಿಗಿಯುತ್ತದೆ, ಕೆಲವೆಡೆ ಸಡಿಲುತ್ತದೆ. ನಾನು ತಲೆಯಾಡಿಸಿದೆ. ನನಗೆ ತಿಳಿದದ್ದು ಹಸಿವು ಒಂದೇ.

"ಮುಟ್ಟಬ್ಯಾಡ ಬೇ," ಎಂದು ಹೇಳಿ ಅವಳು ಎರಡು ದಿನಕ್ಕೆ ಅಥಣಿಯ ಗೆಳತಿಯ ಮನೆಗೆ ಹೋದಳು.

ಪಕ್ಕದ ಮನೆಯ ಹಸೀನಾಬಿ ಬಂದು ಇಣುಕಿದಳು. "ಅಕ್ಕಾ, ಈ ಮೂರು ಭಾಳ ಸೊರಗ್ಯಾವ್ರಿ. ಮಲತಾಯಿ ಮಕ್ಕಳೇನ್ರಿ?"

ಗಂಡ ಹೋದ ಮೇಲೆ ಎಲ್ಲ ಮನೆಯಲ್ಲೂ ನನಗೆ ಕೊನೆಯ ಪಂಕ್ತಿಯೇ. ಈಗ ನನ್ನ ಮನೆಯಲ್ಲೇ, ಒಂದೇ ಸಾಲಿನಲ್ಲಿ, ಮೂವರಿಗೆ ಊಟ, ಮೂವರಿಗೆ ನೀರು! ತಡೆಯಲಾಗಲಿಲ್ಲ. ಹತ್ತಿ ತೆಗೆದು ಹಸಿದ ಮೂರಕ್ಕೂ ಒಂದೊಂದು ಚಮಚ ಬೆಲ್ಲದ ನೀರು ಹಾಕಿದೆ.

ಮರುದಿನ ನೊರೆ ಬಂತು. ಖಾಲಿ ಹೊಟ್ಟೆಗೆ ಬೆಲ್ಲ, ಅಜೀರ್ಣವೆಂದು ತೀರ್ಮಾನಿಸಿ ಚಿಟಿಕೆ ಅಜವಾನ ಹಾಕಿದೆ. ಹಾಗಾದರೆ ಉಳಿದ ಮೂರಕ್ಕೆ ಅಜವಾನವಿಲ್ಲವೇ? ಅದೂ ಪಂಕ್ತಿಭೇದವೇ. ಅವಕ್ಕೂ ಹಾಕಿದೆ.

ಸುನಂದಾ ಬಂದು ಬಾಟಲಿ ಮೂಸಿದಳು.

"ಯಾರು ಮುಟ್ಯಾರವ್ವಾ?"

"ಹಸಿದಿದ್ದುವು ಯವ್ವಾ."

"ಆ ಹಸಿವಿಗೇ ಕಾಯಾಕತ್ತಿದ್ದೆ."

ಹಿತ್ತಲಿಗೆ ಹೋಗಿ ಆರೂ ಬಾಟಲಿ ತೊಳೆದು ಬಂದು, ಹಸಿವಿಲ್ಲವೆಂದು ಮಲಗಿದಳು.

ಹೊಸದಾಗಿ ಬೆಳೆಸಲು ಗಡುವು ಸಾಲಲಿಲ್ಲ. ಅಣ್ಣ ಆಡಿದಂತೆಯೇ ಮಾಡಿದ. ಮದುವೆಯ ಊಟದಲ್ಲಿ ಯಾರಿಗೂ ಪಂಕ್ತಿಭೇದ ಆಗದಂತೆ ನಾನೇ ನಿಂತು ನೋಡಿಕೊಂಡೆ. ನನಗೆ ಬರುವುದು ಅದೊಂದೇ.