ಒಲೆ ಹಚ್ಚಬೇಡಿ ಎಂದು ಕರೆದ ಸಭೆ

ಜನರನ್ನು ಕರೆಯುವುದರಲ್ಲಿ ನನ್ನನ್ನು ಮೀರಿಸುವವರು ರಾವಂದೂರಿನ ಸುತ್ತಮುತ್ತ ಯಾರೂ ಇಲ್ಲ ಎಂದೇ ನಾನು ನಂಬಿದ್ದೆ. ಓದಿದ್ದು ಎರಡನೇ ಕ್ಲಾಸು. ಆದರೂ ನಾನು ಕುಂಕುಮ ಕೊಟ್ಟು ಕರೆದ ಮೇಲೆ ಜನ ಬಾರದೆ ಉಳಿದ ಮದುವೆ ಒಂದೂ ಇಲ್ಲ.

ನನ್ನ ಮೊಮ್ಮಗಳು ಸಿಂಚನ ಈಗ ಹತ್ತನೇ ಕ್ಲಾಸು. ನಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳೇ. ಅವಳು ಪುಸ್ತಕ ಹಿಡಿದು ಕೂತರೆ ಸಾಕು, ಸಂತೋಷಕ್ಕೆ ನನಗೆ ಸುಮ್ಮಸುಮ್ಮನೆ ನಗು ಬರುತ್ತದೆ. ಆದರೆ ನಮ್ಮ ಪುಟ್ಟ ಪೇಟೆಯಲ್ಲಿ ಕಾಲೇಜಿಲ್ಲ. ನನ್ನ ಮಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ:

"ಬಸ್ಸಿನ ಬಾಗ್ಲಲ್ಲಿ ನೇತಾಕ್ಕಂಡು ಹೋಗಾಕೆ ನಾನು ಕಳ್ಸಕಿಲ್ಲ ಕಣವ್ವ. ಊರಲ್ಲಿ ಕಾಲೇಜಾದ್ರೆ ಓದ್ಲಿ, ಇಲ್ದಿದ್ರೆ ಸಾಕು ಬುಡು."

ಕಾಲೇಜು ಬೇಕೆಂದು ಊರಿನವರು ಸಮಿತಿ ಮಾಡಿ ಅರ್ಜಿ ಹಾಕಿದರು. ಜನರಿಗೆ ನಿಜವಾಗಿಯೂ ಬೇಕೇ ಎಂದು ನೋಡಲು ಶನಿವಾರ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಸ್ಕೂಲಿಗೆ ಬರುವವರಿದ್ದರು. ಹಿಂದಿನ ಸಭೆಗೆ ಕರಪತ್ರ ಹಂಚಿದ್ದಾಗ ಸಮಿತಿಯವರಷ್ಟೇ ಬಂದಿದ್ದರು. ಕರಪತ್ರಗಳೆಲ್ಲ ಬೋಂಡಾ ಕಟ್ಟಲು ಹೋಗಿದ್ದವು.

"ಕಾಗ್ದ ಕೊಟ್ರೆ ಯಾರ್ ಬತ್ತಾರೆ ಮಗ? ಕುಂಕ್ಮ ಕೊಟ್ಟು ಕರೀಬೇಕು. ಅದು ನನ್ಗಿರ್ಲಿ," ಎಂದು ಸಿಂಚನಳಿಗೆ ಹೇಳಿದೆ.

ಬಟ್ಟಲು ಹಿಡಿದು ಬೀದಿಬೀದಿ ಸುತ್ತಿದೆ. ಎಲ್ಲ ಹೊಸ್ತಿಲಲ್ಲೂ ನಿಂತು, "ಸಿಂಚನನ ಕಾಲೇಜಿಗೋಸ್ಕರ ಶನಿವಾರ ಸ್ಕೂಲ್ ಹತ್ರ ಬನ್ನಿ. ಮನೆಮಂದಿಯೆಲ್ಲ ಬನ್ನಿ, ಒಲೆ ಹಚ್ಬ್ಯಾಡಿ," ಎಂದೆ. ಕೊನೆಯ ಮಾತನ್ನು ನಾನು ಹೇಳಲಿಲ್ಲ, ಬಾಯಿ ತಾನೇ ಹೇಳಿಕೊಂಡಿತು. ಇಷ್ಟು ವರ್ಷ ಮದುವೆಗೆ ಕರೆದ ಬಾಯಿ.

ಶನಿವಾರ ಸ್ಕೂಲಿನ ಅಂಗಳ ತುಂಬಿತು. ರೇಷ್ಮೆ ಸೀರೆ, ಮುಡಿ ತುಂಬ ಹೂವು. ಕುರ್ಚಿಗಳನ್ನು ಬಿಟ್ಟು ಎಲ್ಲರೂ ನೆಲದ ಮೇಲೆ ಎದುರುಬದುರು ಸಾಲಾಗಿ ಕೂತರು. ಸಾಹೇಬರು ಖುಷಿಯಾಗಿ ಎದ್ದು ನಿಂತರು.

"ಇಷ್ಟು ಶಿಸ್ತಿನ ಜನರನ್ನ ನಾನು ಎಲ್ಲೂ ನೋಡಿಲ್ಲ," ಎಂದು ಹೊಗಳಿ ಭಾಷಣ ಶುರು ಮಾಡಿದರು. ಅದು ಮುಗಿಯುವಂತೆ ಕಾಣಲಿಲ್ಲ. ಕೊನೆಗೆ ಹಿಂದಿನ ಬೀದಿಯ ಕಾಳೇಗೌಡರು ತಡೆಯಲಾರದೆ ಕೇಳಿದರು:

"ಸ್ವಾಮಿ, ಎಲೆ ಹಾಕೋದು ಯಾವಾಗ?"

"ಯಾವ ಎಲೆ?" ಎಂದರು ಸಾಹೇಬರು.

ಪಕ್ಕದ ಮನೆಯ ಜಯಮ್ಮ ನನ್ನ ತೊಡೆ ಚಿವುಟಿದಳು. "ಅಕ್ಕಾ, ಒಲೆ ಹಚ್ಬ್ಯಾಡಿ ಅಂದೋಳು ನೀನೇ ಅಲ್ವಾ? ನಮ್ಮನೆಯವ್ರು ಕಾಫಿನೂ ಕುಡೀದಂಗೆ ಬಂದವ್ರೆ."

"ಬಾಯಿಗೆ ಅಭ್ಯಾಸ ಕಣೆ ಜಯ," ಎಂದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅದೂ ಸಿಮೆಂಟಿನ ಅಂಗಳ.

ಸಾಹೇಬರು ಫೈಲು ಮುಚ್ಚಿದರು. "ಊಟದಾಸೆ ತೋರಿಸಿ ಜನ ಸೇರಿಸಿದ್ದೀರಿ. ಊರಿಗೆ ಕಾಲೇಜು ಬೇಕು ಅಂತ ನಾನು ಹೇಗೆ ಬರೀಲಿ?"

ಮೊಮ್ಮಗಳ ಕಾಲೇಜಿಗೆ ನಾನೇ ಮಣ್ಣು ಹಾಕಿದ್ದೆ, ಕುಂಕುಮ ಕೊಟ್ಟು.

ಆಗ ಸಿಂಚನ ಎದ್ದು ಮೈಕು ಹಿಡಿದಳು.

"ಊಟ ಇಲ್ಲ. ನಮ್ಮಜ್ಜಿ ತಪ್ಪಾಗಿ ಕರ್ದವ್ರೆ. ಹೋಗೋರು ಹೋಗ್ಬೋದು. ಕಾಲೇಜು ಬೇಕು ಅನ್ನೋರು ಕೂತಿರಿ."

ಮೊದಲು ಎದ್ದವರೇ ಕಾಳೇಗೌಡರು. ಪಂಚೆಯ ಧೂಳು ಕೊಡವಿದರು. ಮುಗಿಯಿತು ಎಂದುಕೊಂಡೆ. ಅವರು ನಿಧಾನವಾಗಿ ಹೋಗಿ ಒಂದು ಕುರ್ಚಿಯಲ್ಲಿ ಕೂತರು.

"ಊಟ ಇಲ್ದಿದ್ ಮೇಲೆ ನೆಲದಲ್ಯಾಕೆ ಕೂರ್ಬೇಕು? ನನ್ ಮೊಮ್ಮಗ್ಳೂ ಎಂಟ್ನೇ ಕ್ಲಾಸು ಕಣ್ರೀ. ಬರ್ಕಳಿ ಸ್ವಾಮಿ."

ಜಯಮ್ಮ ಎದ್ದು ಅವರ ಪಕ್ಕದ ಕುರ್ಚಿಗೆ ಹೋದಳು. ಕೆಲವರು ಮನೆಗೆ ಹೊರಟರು, ಸುಳ್ಳೇಕೆ ಹೇಳಲಿ. ಆದರೆ ಕುರ್ಚಿಗಳು ತುಂಬಿದವು. ಹಸಿದ ಹೊಟ್ಟೆಯಲ್ಲಿ ಕೂತ ಆ ಜನರನ್ನು ಸಾಹೇಬರು ಬೆರಳು ಮಾಡಿ ಎಣಿಸಿದರು. ಆಮೇಲೆ ಫೈಲು ಬಿಚ್ಚಿದರು. ಸ್ಕೂಲಿನಲ್ಲಿ ಖಾಲಿ ಇರುವ ಕೋಣೆಗಳು ಯಾವುವು, ತೋರಿಸಿ ಎಂದರು.

ಆದೇಶ ಇನ್ನೂ ಬಂದಿಲ್ಲ. ಮನೆಗೆ ನಡೆಯುವಾಗ ಮಗ ಮಾತ್ರ, "ಅವ್ವಾ, ಕಾಲೇಜು ಎಲ್ಲಾದ್ರೂ ಇರ್ಲಿ. ಇವ್ಳು ಓದ್ಲಿ," ಎಂದ. ನನಗೆ ಅಷ್ಟು ಸಾಕಾಯಿತು.

ಅಂದಿನಿಂದ, ನನ್ನ ಮೊಮ್ಮಗಳು ದೊಡ್ಡ ಸಾಹೇಬರ ಮುಂದೆ ಮೈಕು ಹಿಡಿದು ಭಾಷಣ ಮಾಡಿದಳು ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದೇನೆ. ಕೇಳಿದವರೂ ಖುಷಿಪಡುತ್ತಾರೆ. ಯಾರಾದರೂ, "ಏನಂತ ಮಾತಾಡಿದ್ಲು?" ಎಂದು ಕೇಳಿಬಿಟ್ಟರೆ ಮಾತ್ರ ಕಷ್ಟ.

"ಊಟ ಇಲ್ಲ ಅಂದ್ಲು," ಎನ್ನಬೇಕು.