ಅತ್ತೆ ಕೊಡದ ಪೀಶಕತ್ತಿ

ನಮ್ಮ ಸೋದರಮಾವ ಬರುತ್ತಾರೆಂದು ಗೊತ್ತಾದರೆ ನೆಂಟರ ಮನೆಗಳಲ್ಲಿ ಮೊದಲು ಅಡಗಿಸಿಡುತ್ತಿದ್ದದ್ದು ಏನನ್ನು ಬಲ್ಲಿರಾ? ಚಿನ್ನವಲ್ಲ, ಬೆಳ್ಳಿಯಲ್ಲ, ಅಡುಗೆಮನೆಯ ಕತ್ತಿ! ಮಾವ ಕಳ್ಳರಲ್ಲ, ಜಗಳಗಂಟರಂತೂ ಅಲ್ಲವೇ ಅಲ್ಲ. ಸಿದ್ಧಕಟ್ಟೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಸಾಧು ಮೇಷ್ಟ್ರು. ಆದರೆ ಕತ್ತಿ ಕಂಡರೆ ಮುಗಿಯಿತು, ಅದರ ಬಾಯಿ ಬದಲಿಸದೆ ಕಾಫಿ ಮುಟ್ಟುತ್ತಿರಲಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲೂ ಚೀಲದ ತುಂಬ ಯಾರದೋ ಕತ್ತಿಗಳನ್ನು ತುಂಬಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದ ಧೀರರು!

ಬಾಯಿ ಬದಲಿಸುವುದೆಂದರೇನು? ಅಂಗಡಿಯಿಂದ ತಂದ ಕತ್ತಿಯನ್ನು ಹತ್ತಿರ ಹಿಡಿದು ನೋಡಿ. ಹೆಂಚಿನ ಮಾಡಿನಂತೆ ಎರಡು ಚಪ್ಪಟೆ ಇಳಿಜಾರು, ಅವು ಸೇರುವಲ್ಲಿ ಚೂಪು. ಲೋಕಕ್ಕೆಲ್ಲ ಅಷ್ಟು ಸಾಕು, ಮಾವನಿಗೆ ಸಾಲದು. ಆ ಇಳಿಜಾರು ಹಲಸಿನ ಬೀಜದ ಬೆನ್ನಿನಂತೆ ಸ್ವಲ್ಪ ಉಬ್ಬಿಕೊಂಡೇ ಚೂಪಿಗೆ ಇಳಿಯಬೇಕು.

"ಚಪ್ಪಟೆ ಬಾಯಿ ಬೇಗ ಸೋಲ್ತದೆ ಮಾರಾಯ್ತಿ. ತೆಂಗಿನ ಗೆರಟೆಗೆ ತಾಗಿದ್ರೆ ಚಕ್ಕೆ ಹಾರ್ತದೆ. ಉಬ್ಬು ಬಾಯಿಗೆ ಹಿಂದಿನಿಂದ ಉಕ್ಕಿನ ಆಧಾರ ಉಂಟು, ಅದು ಸುಲಭದಲ್ಲಿ ಸೋಲುದಿಲ್ಲ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ!

ಇದಕ್ಕೆ ಬೇಕಾದ ಯಂತ್ರ ಯಾವುದು? ಹವಾಯಿ ಚಪ್ಪಲಿ! ಅದರ ಮೇಲೆ ಎಮರಿ ಕಾಗದ ಬಿಗಿದು, ಕತ್ತಿಯ ಬಾಯಿಗೆ ಚಿಮಿಣಿ ದೀಪದ ಮಸಿ ಹಿಡಿಸಿ, ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಕತ್ತಿಯನ್ನು ಮೆಲ್ಲಗೆ ಎಳೆಯುವುದು. ಮೆತ್ತಗಿನ ರಬ್ಬರು ತಗ್ಗುತ್ತದೆ, ಕಾಗದ ಬಾಗುತ್ತದೆ, ಇಳಿಜಾರಿನ ಏಣು ಸವೆದು ಉರುಟಾಗುತ್ತದೆ. ಮಸಿ ಉಳಿದಲ್ಲಿ ಇನ್ನೂ ಎಳೆಯಬೇಕು. ಹೀಗಾಗಿ ಮಾವ ಬಂದು ಹೋದ ಮನೆಗಳ ಜಗಲಿಯಲ್ಲಿ ಒಂಟಿ ಚಪ್ಪಲಿಗಳು ಜೋಡಿಗಾಗಿ ಕಾಯುತ್ತಿದ್ದವು. ಶಿರ್ತಾಡಿಯ ನಮ್ಮ ಭಾವ ಒಮ್ಮೆ ಒಂದು ಕಾಲಿಗೆ ಹವಾಯಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೋಗಿದ್ದರು.

ವಿಟ್ಲದ ಮದುವೆಯೊಂದರ ಹಿಂದಿನ ದಿನ ಅಡುಗೆಯವರು ಕುಂಬಳಕಾಯಿಯ ರಾಶಿಯ ಮುಂದೆ ಕೈಕಟ್ಟಿ ಕುಳಿತಿದ್ದರು. ಕತ್ತಿಗಳೆಲ್ಲ ಹಿತ್ತಲಲ್ಲಿ ಮಾವನ ಮುಂದೆ ಸಾಲಾಗಿ ಮಲಗಿದ್ದವು. "ಮಾಸ್ಟ್ರೇ, ನಾಳೆ ಮದುವೆಯಾ, ಆಯುಧಪೂಜೆಯಾ?" ಎಂದು ಹಿರಿಯ ಅಡುಗೆಯವರು ಕೇಳಿದರೆ, ಮಾವ ತಲೆ ಎತ್ತದೆ, "ಮದುವೆ ನಾಳೆಗಲ್ವಾ? ಪುರುಸೊತ್ತುಂಟು" ಎಂದರಂತೆ.

ಕ್ಷೌರದಂಗಡಿಯ ಕತೆ ಇನ್ನೂ ಚಂದ. ಕ್ಷೌರದ ಕತ್ತಿಯ ಕೆನ್ನೆ ಹುಟ್ಟಿನಿಂದಲೇ ಒಳಕ್ಕೆ ತಗ್ಗಿದ್ದು. ಮಾವ ಅದಕ್ಕೂ ಉಬ್ಬು ಬಾಯಿ ಕೊಟ್ಟರು! ಅಂಗಡಿಯವರು ನಗುತ್ತಾ, "ಮೊದಲು ನೀವೇ ಕೂತ್ಕೊಳ್ಳಿ ಮಾಸ್ಟ್ರೇ" ಎಂದರು. ಕತ್ತಿ ಕೂದಲನ್ನು ಬೋಳಿಸುವ ಬದಲು ಕೀಳತೊಡಗಿತು. ಅರ್ಧ ಗಡ್ಡ, ಕಣ್ಣಲ್ಲಿ ನೀರು ಇಟ್ಟುಕೊಂಡು ಮಾವ ಮನೆಗೆ ಬಂದರು.

"ಇನ್ನರ್ಧ ಎಲ್ಲಿ?" ಎಂದು ಅತ್ತೆ ಕೇಳಿದರು.

"ನಾಳೆ" ಎಂದರು ಮಾವ. ಒಲೆಯ ಮೇಲೆ ಗಂಜಿ ಉಕ್ಕಿ ಹೋಗುವವರೆಗೂ ಅತ್ತೆ ನಕ್ಕಿದ್ದರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಮಾವನ ಕೈಗೆ ಸಿಗದ ಕತ್ತಿ ಇದ್ದದ್ದು ಒಂದೇ. ಅದು ಅವರದೇ ಅಡುಗೆಮನೆಯಲ್ಲಿತ್ತು! ಅತ್ತೆ ಬೆಳ್ತಂಗಡಿಯ ತವರಿನಿಂದ ತಂದಿದ್ದ ಪೀಶಕತ್ತಿ, ತರಕಾರಿ ಹೆಚ್ಚುವ ಸಣ್ಣ ಕತ್ತಿ. ಬಾಯಿ ಚಪ್ಪಟೆ. ಬಾವಿಕಟ್ಟೆಯ ಕಲ್ಲಿಗೆ ನೀರು ಚಿಮುಕಿಸಿ ಅತ್ತೆಯೇ ಮಸೆಯುತ್ತಿದ್ದರು. ಮದುವೆಯಾದಂದಿನಿಂದ ಮಾವ ಅದನ್ನು ಬೇಡುತ್ತಲೇ ಇದ್ದರು.

"ಒಮ್ಮೆ ಕೊಡು ಮಾರಾಯ್ತಿ, ಸಂಜೆಗೆ ವಾಪಸು."

"ಊರಿನ ಕತ್ತಿಯನ್ನೆಲ್ಲ ದಪ್ಪ ಮಾಡಿದ್ದು ಸಾಕು. ಇದೊಂದು ಸಪುರ ಇರ್ಲಿ."

ಊರವರ ಕತ್ತಿಯನ್ನು ಕೇಳದೆ ಎತ್ತಿಕೊಂಡು ಹೋಗುವವರು ಇದನ್ನು ಮಾತ್ರ ಅತ್ತೆ ನಿದ್ದೆಯಲ್ಲಿದ್ದಾಗಲೂ ಮುಟ್ಟಲಿಲ್ಲ. ಏಕೆಂದು ಕೇಳಿದೆ. "ಅವಳು ಹೂಂ ಹೇಳ್ಬೇಕಲ್ವಾ?" ಎಂದರು.

ಎಂಬತ್ತರ ದಶಕದ ಕೊನೆಯಲ್ಲಿ ಅತ್ತೆ ಕಾಯಿಲೆ ಬಿದ್ದರು. ಮಂಗಳೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳುಹಿಸಿದರು. ಮೂಡುಬಿದಿರೆಯಲ್ಲಿ ಕೆಲಸದಲ್ಲಿದ್ದ ನಾನು ರಜೆ ಹಾಕಿ ಹೋಗಿದ್ದೆ. ಮಾವ ಮಂಚದ ಬಳಿ ಕುಳಿತು ಚಮಚದಲ್ಲಿ ಗಂಜಿತಿಳಿ ಕುಡಿಸುತ್ತಿದ್ದರು. ಅತ್ತೆ ಅವರ ಕೈ ತಡೆದು ಮೆಲ್ಲಗೆ ಹೇಳಿದರು:

"ಇವರೇ, ಆ ಪೀಶಕತ್ತಿ ತಕ್ಕೊಳ್ಳಿ. ನಿಮ್ಮ ಚಪ್ಪಲಿಯಲ್ಲಿ ಉಜ್ಜಿ. ನಿಮಗೊಂದು ಆಸೆ ಇತ್ತಲ್ಲ."

ಮಾವನ ಮುಖ ಕಪ್ಪಿಟ್ಟಿತು. ಅವರು ಅತ್ತೆಯ ಮೇಲೆ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬೇಡ! ಮಲಗಿದಲ್ಲಿಂದ ಕೊಡುದು ಬೇಡ. ಎದ್ದು ಬಂದು ಕೈಯಲ್ಲಿ ಕೊಡು, ಆಗ ತಕ್ಕೊಳ್ತೇನೆ."

ಗಂಜಿಯ ಬಟ್ಟಲನ್ನು ನನ್ನ ಕೈಗಿತ್ತು ಹೊರಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದರೆ ಬಾವಿಕಟ್ಟೆಗೆ ಒರಗಿ ನಿಂತಿದ್ದಾರೆ.

"ಇಷ್ಟು ವರ್ಷ ಇಲ್ಲ, ಇಲ್ಲ ಅಂತಿದ್ದಳು. ಇವತ್ತು ಹೂಂ ಅಂದ್ಬಿಟ್ಟಳಲ್ಲ! ಅವಳಿಗೆ ಗೊತ್ತಾಗಿದೆ ಮಾರಾಯ್ತಿ" ಎಂದರು. ಇಬ್ಬರೂ ಕಣ್ಣೀರಿಟ್ಟೆವು.

ಆ ತಿಂಗಳು ಮುಗಿಯುವ ಮೊದಲೇ ಅತ್ತೆ ಹೋದರು.

ಆಮೇಲೆ ಮಾವ ಯಾವ ಮನೆಗೆ ಬಂದರೂ ಯಾರೂ ಕತ್ತಿ ಅಡಗಿಸಲಿಲ್ಲ. ಬದಲಿಗೆ ಇದ್ದಬದ್ದ ಕತ್ತಿಗಳನ್ನೆಲ್ಲ ತಂದು ಎದುರಿಗಿಟ್ಟರು. ನನ್ನ ಅಮ್ಮ ಬಂಟ್ವಾಳ ಪೇಟೆಯಿಂದ ಹೊಸದೊಂದನ್ನೇ ತಂದು, "ನೋಡಣ್ಣ, ಎಂತ ಚಪ್ಪಟೆ ಬಾಯಿ!" ಎಂದು ಆಸೆ ತೋರಿಸಿದರು. "ಚೆನ್ನಾಗುಂಟು" ಎಂದು ಮಾವ ಅದನ್ನು ಹಿಂದಕ್ಕೆ ಸರಿಸಿದರು. ಜಗಲಿಯಲ್ಲಿ ಹವಾಯಿ ಚಪ್ಪಲಿಗಳು ಜೋಡಿಯಾಗಿಯೇ ಇದ್ದವು. ಅದನ್ನು ನೋಡಲಾಗದೆ ನಾನು ಒಳಗೆ ಹೋದೆ.

ಬೇಸಿಗೆ ರಜೆಯಲ್ಲಿ ಸಿದ್ಧಕಟ್ಟೆಗೆ ಹೋದಾಗ ಮಾವ ಬಾವಿಕಟ್ಟೆಯ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಕೈಯಲ್ಲಿ ಅತ್ತೆಯ ಪೀಶಕತ್ತಿ, ಅದರ ಬಾಯಿಗೆ ಮಸಿ. ಅಂತೂ ಹಳೆಯ ಹುಚ್ಚು ಮರಳಿತಲ್ಲ ಎಂದು ನನಗೆ ಜೀವ ಬಂದಂತಾಯಿತು.

"ಉಬ್ಬು ಬಾಯಿಯಾ ಮಾವ?"

"ಅಲ್ಲ. ಹರಿತ ಹೋಗಿತ್ತು. ಅವಳು ಮಾಡ್ತಿದ್ದ ಹಾಗೆ ಚಪ್ಪಟೆ ಮಸೆಯುವ ಅಂತ."

ಆಗ ಗಮನಿಸಿದೆ, ಅಲ್ಲಿ ಚಪ್ಪಲಿ ಇರಲಿಲ್ಲ. ಅತ್ತೆಯ ಒದ್ದೆ ಕಲ್ಲು ಮಾತ್ರ ಇತ್ತು. ಆದರೆ ಜೀವಮಾನವಿಡೀ ಉಬ್ಬು ಬಾಯಿ ಕೊಟ್ಟ ಕೈ ಅದು. ಪ್ರತಿ ಎಳೆತದ ಕೊನೆಯಲ್ಲೂ ಕತ್ತಿಯ ಬೆನ್ನಿನೊಡನೆ ತಾನಾಗಿ ಮೇಲೇಳುತ್ತಿತ್ತು, ಬಾಯಿ ಉಬ್ಬುತ್ತಿತ್ತು. ಏಳದಂತೆ ಮಾವ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡಿದ್ದರು.

"ಅವಳು ಮಸೆದ ಹಾಗೆ ಬಂತಾ ನೋಡು" ಎಂದು ಕತ್ತಿ ಕೊಟ್ಟರು. ಬೆಳಕಿಗೆ ಹಿಡಿದೆ. ಒಂದು ಚೂರು ಉಬ್ಬಿತ್ತು.

"ಬಂದಿದೆ ಮಾವ. ನನಗೆ ಸರಿ ಕಾಣ್ತದೆ."

ಮಾವ ಕತ್ತಿ ತೆಗೆದುಕೊಂಡು ಅದರ ಬಾಯಿಯ ಮೇಲೆ ಮೆಲ್ಲಗೆ ಉಗುರಾಡಿಸಿದರು.

"ನಿನಗೆ ಸರಿ ಕಾಣ್ತದೆ. ಅವಳಿಗೆ ಗೊತ್ತಾಗ್ತದೆ" ಎಂದು ಕಲ್ಲಿಗೆ ಮತ್ತೆ ನೀರು ಚಿಮುಕಿಸಿದರು.